ಗಣಕಯಂತ್ರದ ಕನ್ನಡ ಪಾಠ ಮನೆಯ ಟಿವಿಯಲ್ಲಿ: ಯಾವ ಪೋರ್ಟ್‌ಗೆ ಯಾವ ಕೇಬಲ್?

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ರಚನೆಯಾದಾಗ ಬಳ್ಳಾರಿ ಜಿಲ್ಲೆಯ ಆದೋನಿ, ಆಲೂರು, ರಾಯದುರ್ಗ ತಾಲ್ಲೂಕುಗಳು ಆಂಧ್ರಕ್ಕೆ ಸೇರಿದವು. ಗಡಿ ಸರಿದರೂ ಮನೆಮಾತು ಸರಿಯಲಿಲ್ಲ. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಮಾತೃಭಾಷೆಯ ಬೋಧನೆಗೆ ಸೌಲಭ್ಯ ಒದಗಿಸಲು ರಾಜ್ಯಗಳು ಪ್ರಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಶಾಲೆಯಲ್ಲಿ ಆ ಹಕ್ಕನ್ನು ಕೇಳುತ್ತಲೇ ಇರೋಣ. ಮನೆಯಲ್ಲಿ ಮಾಡಬಹುದಾದದ್ದನ್ನು ಇಂದೇ ಮಾಡೋಣ. 2020ರಲ್ಲಿ ಚಂದನ ವಾಹಿನಿಯಲ್ಲಿ ಆರಂಭವಾದ ಕರ್ನಾಟಕದ ‘ಸಂವೇದ’ ಪಾಠಗಳು, ‘ದೀಕ್ಷಾ’ ವೇದಿಕೆಯ ಕನ್ನಡ ವೀಡಿಯೊಗಳು ಉಚಿತವಾಗಿವೆ. ಆದರೆ ಅಂಗೈಯಗಲದ ಮೊಬೈಲ್ ಪರದೆಯ ಸುತ್ತ ಮೂವರು ಮಕ್ಕಳು ಕುಳಿತು ಕಲಿಯಲಾಗದು. ಮನೆಯ ಟಿವಿಯನ್ನೇ ಕರಿಹಲಗೆಯಾಗಿಸುವ ಬಗೆಗಳನ್ನು ಇಲ್ಲಿ ವಿವರಿಸಲಾಗಿದೆ.

ಮೊದಲು ಪೋರ್ಟ್‌ಗಳನ್ನು ಗುರುತಿಸಿ

ಅಂಗಡಿಗೆ ಹೋಗುವ ಮುನ್ನ ಟಿವಿಯ ಹಿಂಬದಿ ಮತ್ತು ಗಣಕಯಂತ್ರದ ಪಕ್ಕದ ಪೋರ್ಟ್‌ಗಳ ಚಿತ್ರವನ್ನು ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಕೊಳ್ಳಬೇಕಾದ ಕೇಬಲ್ ಯಾವುದೆಂಬುದನ್ನು ಆ ಎರಡು ಚಿತ್ರಗಳೇ ನಿರ್ಧರಿಸುತ್ತವೆ.

ಎಚ್‌ಡಿಎಂಐ

2002ರಲ್ಲಿ ಬಂದ ಈ ಪೋರ್ಟ್ ಇಂದಿನ ಬಹುತೇಕ ಎಲ್ಲ ಎಲ್‌ಇಡಿ ಟಿವಿಗಳಲ್ಲಿದೆ. ಚಿತ್ರ, ಧ್ವನಿ ಎರಡೂ ಒಂದೇ ಕೇಬಲ್‌ನಲ್ಲಿ ಸಾಗುತ್ತವೆ. ಎರಡೂ ಕಡೆ ಈ ಪೋರ್ಟ್ ಇದ್ದರೆ ಬೇರೇನೂ ಬೇಕಿಲ್ಲ. ಪಾಠದ ವೀಡಿಯೊಗಳಿಗೆ ಸಾಮಾನ್ಯ ಕೇಬಲ್ ಸಾಕು; ‘ಚಿನ್ನದ ಲೇಪ’ವೆಂದು ಹೆಚ್ಚು ಹಣ ತೆರುವುದರಿಂದ ಚಿತ್ರ ಉತ್ತಮಗೊಳ್ಳುವುದಿಲ್ಲ. ಉದ್ದ ಐದು ಮೀಟರ್‌ನೊಳಗಿರಲಿ. ಅಗ್ಗದ ಉದ್ದ ಕೇಬಲ್‌ಗಳಲ್ಲಿ ಚಿತ್ರ ಮಿನುಗುವ ಸಂಭವ ಹೆಚ್ಚು.

ವಿಜಿಎ

ಹಳೆಯ ಮೇಜುಗಣಕಗಳಲ್ಲಿ ಕಾಣುವ, ಹದಿನೈದು ಸೂಜಿಗಳ, ಹೆಚ್ಚಾಗಿ ನೀಲಿ ಬಣ್ಣದ ಪೋರ್ಟ್ ಇದು. 1987ರಲ್ಲಿ ಐಬಿಎಂ ಪರಿಚಯಿಸಿದ್ದು. ಇದರಲ್ಲಿ ಚಿತ್ರ ಮಾತ್ರ ಸಾಗುತ್ತದೆ, ಧ್ವನಿ ಸಾಗುವುದಿಲ್ಲ. ಟಿವಿಯಲ್ಲೂ ವಿಜಿಎ ಇದ್ದರೆ ನೇರ ಕೇಬಲ್ ಹಾಕಿ, ಧ್ವನಿಗೆ ಹೆಡ್‌ಫೋನ್ ರಂಧ್ರದಿಂದ ಪ್ರತ್ಯೇಕ ಆಡಿಯೊ ಕೇಬಲ್ ಎಳೆಯಬೇಕು. ಟಿವಿಯಲ್ಲಿ ಎಚ್‌ಡಿಎಂಐ ಮಾತ್ರ ಇದ್ದರೆ ಪರಿವರ್ತಕ ಬೇಕು. ಇಲ್ಲಿ ದಿಕ್ಕು ಮುಖ್ಯ: ‘ವಿಜಿಎಯಿಂದ ಎಚ್‌ಡಿಎಂಐಗೆ’ ಮತ್ತು ‘ಎಚ್‌ಡಿಎಂಐಯಿಂದ ವಿಜಿಎಗೆ’ ಎಂಬ ಎರಡು ಸಾಧನಗಳು ನೋಡಲು ಒಂದೇ ರೀತಿ ಇದ್ದರೂ ಒಂದು ಇನ್ನೊಂದರ ಕೆಲಸ ಮಾಡದು. ಸಂಕೇತವು ಗಣಕಯಂತ್ರದಿಂದ ಟಿವಿಗೆ ಹೋಗುತ್ತದೆಯಾದ್ದರಿಂದ ಮೊದಲನೆಯದನ್ನೇ ಕೇಳಿ. ಯುಎಸ್‌ಬಿಯಿಂದ ವಿದ್ಯುತ್ ಪಡೆಯುವ, ಆಡಿಯೊ ಕೇಬಲ್ ಜೋಡಿಸಲು ಅವಕಾಶವಿರುವ ಪರಿವರ್ತಕವೇ ಇರಲಿ.

ಟೈಪ್-ಸಿ ಮತ್ತು ಡಿಸ್‌ಪ್ಲೇಪೋರ್ಟ್

ತೆಳುವಾದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಟೈಪ್-ಸಿ ಪೋರ್ಟ್ ಮಾತ್ರ ಇರಬಹುದು. ಎಲ್ಲ ಟೈಪ್-ಸಿ ಪೋರ್ಟ್‌ಗಳೂ ಚಿತ್ರವನ್ನು ಹೊರಕಳುಹಿಸುವುದಿಲ್ಲ. ಕೆಲವು ಚಾರ್ಜ್ ಮತ್ತು ಕಡತ ವರ್ಗಾವಣೆಗೆ ಸೀಮಿತ. ಕೈಪಿಡಿಯಲ್ಲಿ ‘ಡಿಸ್‌ಪ್ಲೇಪೋರ್ಟ್ ಆಲ್ಟ್ ಮೋಡ್’ ಎಂದಿದ್ದರೆ ಮಾತ್ರ ಟೈಪ್-ಸಿಯಿಂದ ಎಚ್‌ಡಿಎಂಐಗೆ ಪರಿವರ್ತಕ ಕೊಳ್ಳಿ. ಈ ಮಾತು ಮೊಬೈಲ್‌ಗೂ ಅನ್ವಯಿಸುತ್ತದೆ. ಅಗ್ಗದ ಮೊಬೈಲ್‌ಗಳಲ್ಲಿ ಈ ಸೌಲಭ್ಯ ಅಪರೂಪ.

ಹಳೆಯ ಡಬ್ಬಿ ಟಿವಿ

ಹಳದಿ, ಕೆಂಪು, ಬಿಳಿ ರಂಧ್ರಗಳಿರುವ ಟಿವಿಗೆ ‘ಎಚ್‌ಡಿಎಂಐಯಿಂದ ಎವಿಗೆ’ ಎಂಬ ಪರಿವರ್ತಕ ದೊರೆಯುತ್ತದೆ. ಆದರೆ ಈ ಮಾರ್ಗದಲ್ಲಿ ಚಿತ್ರ ಕೇವಲ 576 ಸಾಲುಗಳಿಗೆ ಇಳಿಯುತ್ತದೆ. ಹಾಡು, ಕಥೆ, ಪ್ರಯೋಗದ ವೀಡಿಯೊ ನೋಡಲು ಅಡ್ಡಿಯಿಲ್ಲ. ಪಠ್ಯಪುಸ್ತಕದ ಪುಟ ತೆರೆದರೆ ಕನ್ನಡದ ಒತ್ತಕ್ಷರಗಳು ಕಲೆಸಿಹೋಗುತ್ತವೆ. ಅಕ್ಷರ ಕಲಿಯುವ ಮಗುವಿಗೆ ಮಸುಕು ಅಕ್ಷರ ತೋರಿಸುವುದು ತರವಲ್ಲ. ಪುಟವನ್ನು ಬಹಳ ಹಿಗ್ಗಿಸಿ, ಒಮ್ಮೆಗೆ ನಾಲ್ಕೈದು ಸಾಲು ಮಾತ್ರ ತೋರಿಸಿ.

ಕೇಬಲ್ ಇಲ್ಲದೆ

ಸ್ಮಾರ್ಟ್ ಟಿವಿಯಲ್ಲಿ ಯೂಟ್ಯೂಬ್ ಇದ್ದು ಇಂಟರ್‌ನೆಟ್ ದೊರೆತರೆ ಗಣಕಯಂತ್ರವೇ ಬೇಡ. ಗಣಕಯಂತ್ರದ ಪರದೆಯನ್ನೇ ತೋರಿಸಬೇಕಾದರೆ, ವೈಫೈ ಸಾಧನವಿರುವ ವಿಂಡೋಸ್ 10ರಲ್ಲಿ ವಿಂಡೋಸ್ ಕೀಲಿ ಮತ್ತು ‘ಕೆ’ ಕೀಲಿಯನ್ನು ಒಟ್ಟಿಗೆ ಒತ್ತಿ ಟಿವಿಯ ಹೆಸರನ್ನು ಆರಿಸಿ. ಟಿವಿಯಲ್ಲಿ ‘ಮಿರಾಕಾಸ್ಟ್’ ಸೌಲಭ್ಯವಿರಬೇಕು. ಇದಕ್ಕೆ ಇಂಟರ್‌ನೆಟ್ ಬೇಕಿಲ್ಲ. ಕೇಬಲ್‌ಗಿಂತ ಚಿತ್ರ ಕೊಂಚ ತಡವಾಗಿ ಬರುತ್ತದೆ.

ಪೆನ್‌ಡ್ರೈವ್

ಯುಎಸ್‌ಬಿ ಪೋರ್ಟ್ ಇರುವ ಟಿವಿಗೆ ಇದೇ ಅತ್ಯಂತ ಅಗ್ಗದ ದಾರಿ. ಪಾಠಗಳನ್ನು ಎಂಪಿ4 ರೂಪದಲ್ಲಿ ತುಂಬಿಸಿ. ಎಫ್‌ಎಟಿ32 ವಿಧಾನದ ಪೆನ್‌ಡ್ರೈವ್ ನಾಲ್ಕು ಜಿಬಿಗಿಂತ ದೊಡ್ಡ ಕಡತವನ್ನು ಸ್ವೀಕರಿಸುವುದಿಲ್ಲ. ಕೆಲವು ಟಿವಿಗಳಲ್ಲಿ ಕನ್ನಡದ ಕಡತಹೆಸರುಗಳು ಚೌಕಗಳಾಗಿ ಕಾಣುತ್ತವೆ. ಹೆಸರಿನ ಬದಲು 01, 02 ಎಂದು ಸಂಖ್ಯೆ ಕೊಟ್ಟರೆ ಗೊಂದಲವಿಲ್ಲ. ವೀಡಿಯೊದೊಳಗಿನ ಕನ್ನಡಕ್ಕೆ ಈ ತೊಂದರೆಯಿಲ್ಲ, ಏಕೆಂದರೆ ಅದು ಚಿತ್ರದ ಭಾಗ.

ಜೋಡಿಸಿದರೂ ಚಿತ್ರ ಬಾರದಿದ್ದರೆ

- ರಿಮೋಟ್‌ನಲ್ಲಿ ‘ಸೋರ್ಸ್’ ಅಥವಾ ‘ಇನ್‌ಪುಟ್’ ಒತ್ತಿ, ಕೇಬಲ್ ಹಾಕಿದ ಪೋರ್ಟ್‌ನ ಸಂಖ್ಯೆಯನ್ನೇ ಆರಿಸಿ.
- ವಿಂಡೋಸ್ ಕೀಲಿ ಮತ್ತು ‘ಪಿ’ ಒತ್ತಿ ‘ಡೂಪ್ಲಿಕೇಟ್’ ಆರಿಸಿ. ಎರಡೂ ಪರದೆಗಳಲ್ಲಿ ಒಂದೇ ಚಿತ್ರ ಬರುತ್ತದೆ.
- ಧ್ವನಿ ಲ್ಯಾಪ್‌ಟಾಪ್‌ನಲ್ಲೇ ಬರುತ್ತಿದ್ದರೆ ಸ್ಪೀಕರ್ ಚಿಹ್ನೆಯನ್ನು ಒತ್ತಿ ಟಿವಿಯನ್ನು ಆರಿಸಿ.
- ಅಂಚಿನ ಅಕ್ಷರಗಳು ಕತ್ತರಿಸಿಹೋದರೆ ಟಿವಿಯ ಚಿತ್ರದ ಅಳತೆಯನ್ನು ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ಗೆ ಬದಲಿಸಿ.

ಪಾಲಕರ ಗಮನಕ್ಕೆ

ನಮ್ಮ ಮಕ್ಕಳ ಪಠ್ಯಕ್ರಮ ಆಂಧ್ರಪ್ರದೇಶದ್ದು. ಕರ್ನಾಟಕದ ವೀಡಿಯೊಗಳ ಪಾಠಕ್ರಮ ಬೇರೆ. ಗಣಿತ, ವಿಜ್ಞಾನದ ಪರಿಕಲ್ಪನೆಗಳು ಒಂದೇ ಆದರೂ ಅಧ್ಯಾಯದ ಸಂಖ್ಯೆ, ಕೆಲವು ಪಾರಿಭಾಷಿಕ ಪದಗಳು ಭಿನ್ನವಾಗಿರಬಹುದು. ಯಾವ ವೀಡಿಯೊ ಯಾವ ಪಾಠಕ್ಕೆ ಹೊಂದುತ್ತದೆಂದು ತರಗತಿಯ ಶಿಕ್ಷಕರಲ್ಲಿ ಕೇಳಿ ಪಟ್ಟಿ ಮಾಡಿಸಿಕೊಳ್ಳಿ. ‘ಮನಬಡಿ ನಾಡು-ನೇಡು’ ಯೋಜನೆಯಡಿ ಸ್ಮಾರ್ಟ್ ಟಿವಿ ಬಂದಿರುವ ಶಾಲೆಗಳಲ್ಲಿ ಇದೇ ಪೆನ್‌ಡ್ರೈವ್ ತರಗತಿಗೂ ನೆರವಾಗಬಲ್ಲದು. ಶಾಲೆಯ ಪರದೆಯ ಮೇಲೆ ಕನ್ನಡ ಪಾಠವೂ ಮೂಡಬೇಕೆಂದು ಪಾಲಕರ ಸಭೆಯಲ್ಲಿ ಕೇಳಿ, ಆ ಕೋರಿಕೆಯನ್ನು ನಡಾವಳಿ ಪುಸ್ತಕದಲ್ಲಿ ದಾಖಲಿಸಿ.