ಧ್ವನಿವರ್ಧಕದ ಕಂಪನತಡೆ ಮತ್ತು ಬಿಗಿಜೋಡಣೆ

ಸ್ಪೀಕರ್ ಪೆಟ್ಟಿಗೆಯ ಅದುರು ಮೇಜಿಗೋ ನೆಲಕ್ಕೋ ಹರಿದು, ಅಲ್ಲಿಂದ ಬೇಡದ ಸದ್ದಾಗಿ ಹೊಮ್ಮದಂತೆ ನೋಡಿಕೊಳ್ಳಲು ಬಳಸುವ ಎರಡು ವಿಧಾನಗಳು. ರಬ್ಬರ್, ಸ್ಪ್ರಿಂಗ್ ಅಥವಾ ಫೋಮ್ ಮೆತ್ತೆ ಅದುರನ್ನು ತಡೆಯುತ್ತದೆ. ಲೋಹದ ಮೊಳೆಗಾಲು ಪೆಟ್ಟಿಗೆಯನ್ನು ನೆಲಕ್ಕೆ ಬಿಗಿದು ಅಲುಗಾಡದಂತೆ ಮಾಡುತ್ತದೆ. ಅದು ಕಂಪನವನ್ನೂ ತಡೆಯುತ್ತದೆಂಬ ಜನಪ್ರಿಯ ನಂಬಿಕೆ ತಪ್ಪು.

ಮೆತ್ತೆ ಫಲ ಕೊಡುವುದು ಅದರ ಸಹಜ ಆವರ್ತನದ ಸುಮಾರು 1.4 ಪಟ್ಟಿಗಿಂತ ಮೇಲೆ ಮಾತ್ರ. ಭಾರಕ್ಕೆ 1 ಮಿ.ಮೀ. ಕುಗ್ಗುವ ಸ್ಪ್ರಿಂಗಿನ ಸಹಜ ಆವರ್ತನ ಸುಮಾರು 16 ಹರ್ಟ್ಸ್. ಎಂದರೆ 22 ಹರ್ಟ್ಸ್‌ನಿಂದಾಚೆಗೆ ತಡೆ ಆರಂಭ. ಕುಗ್ಗದಷ್ಟು ಗಟ್ಟಿಯಾದ ರಬ್ಬರು ಮಂದ್ರದ ಅದುರನ್ನು ಹೆಚ್ಚಿಸಲೂಬಹುದು.

ಸ್ಪೀಕರಿನ ಅಡಿಗೆ ಗ್ರಾನೈಟ್ ಚಪ್ಪಡಿಯನ್ನೂ ಇಡುವುದುಂಟು. 30 ಸೆಂ.ಮೀ. ಚೌಕದ, 3 ಸೆಂ.ಮೀ. ದಪ್ಪದ ಚಪ್ಪಡಿ ಸುಮಾರು 7 ಕೆ.ಜಿ. ತೂಗುತ್ತದೆ. ಬರಿಯ ಕಲ್ಲು ಕಂಪನ ತಡೆಯದು. ಮೆತ್ತೆಯ ಮೇಲಿಟ್ಟರೆ ಅದರ ಭಾರ ಸಹಜ ಆವರ್ತನವನ್ನು ತಗ್ಗಿಸುತ್ತದೆ.

ಮರದ ಕಪಾಟು, ಅಟ್ಟಗಳಲ್ಲಿ ಈ ಉಪಾಯದ ಲಾಭ ಸ್ಪಷ್ಟ. ಕಾಂಕ್ರೀಟ್ ನೆಲದ ಮೇಲೆ ಅಲ್ಪ. ಅಂಥ ಮನೆಯವರು ಮೊದಲು ಸ್ಪೀಕರನ್ನು ಮೂಲೆಯಿಂದ ಈಚೆಗೆ ತಂದು ಕೇಳಬೇಕು.