ಭೋಗ್ಯಕ್ಕೆ ಬಿದ್ದ ದೋಆಬ್

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ನೆಲಕ್ಕಾಗಿ, ಅಂದರೆ ರಾಯಚೂರು ದೋಆಬ್‌ಗಾಗಿ, ಬಡಿದಾಡದ ರಾಜಮನೆತನ ದಖನ್ನಿನಲ್ಲಿ ಸಿಗುವುದು ಕಷ್ಟ. ಚೋಳ ರಾಜೇಂದ್ರ ಚಾಲುಕ್ಯ ಜಯಸಿಂಹನನ್ನು ಸೋಲಿಸಿದೆನೆಂದು ಹೇಳಿಕೊಳ್ಳುವ ಮುಶಂಗಿ ನಮ್ಮ ಮಸ್ಕಿಯೇ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಮುದಗಲ್ಲಿನ ಕೋಟೆ ಬಹಮನಿಗಳ ಮತ್ತು ವಿಜಯನಗರದವರ ನಡುವೆ ಎಷ್ಟು ಸಲ ಕೈ ಬದಲಾಯಿಸಿತೋ ಲೆಕ್ಕವಿಡುವುದೇ ಕಷ್ಟ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಗೆದ್ದದ್ದು ಶಾಲೆಯ ಮಕ್ಕಳಿಗೂ ಗೊತ್ತು. ಆದರೆ ಇದೇ ನೆಲ ಈಸ್ಟ್ ಇಂಡಿಯಾ ಕಂಪನಿಯ ಪಾಲಾದಾಗ ಒಂದು ಗುಂಡೂ ಹಾರಲಿಲ್ಲ. 1853ರ ಮೇ 21ರಂದು ಹೈದರಾಬಾದಿನಲ್ಲಿ ನಿಜಾಮನೊಡನೆ ಆದ ಒಪ್ಪಂದದಂತೆ ಬೇರಾರ್ ಮತ್ತು ಧಾರಾಶಿವ ಸೀಮೆಗಳ ಜೊತೆಗೆ ರಾಯಚೂರು ದೋಆಬ್ ಕೂಡ ಕಂಪನಿಯ ಆಡಳಿತಕ್ಕೆ ಹೋಯಿತು. ಕಾರಣ ಸಾಲ. ಈ ಭಾಗದ ವಸಾಹತು ಕಾಲದ ಕಥೆಯನ್ನು ಫಿಲಿಪ್ ಮೆಡೋಸ್ ಟೇಲರ್ ಎಂಬ ಅಧಿಕಾರಿಯಿಂದ ಶುರು ಮಾಡುವುದು ನಮ್ಮಲ್ಲಿ ರೂಢಿ. ಅದನ್ನು ಅವನ ಮಾವನಿಂದ, ಅಂದರೆ ಹೈದರಾಬಾದಿನ ಸಾಹುಕಾರ ವಿಲಿಯಂ ಪಾಮರ್‌ನಿಂದ ಶುರು ಮಾಡಿದರೆ ಮಾತ್ರ 1853 ಅರ್ಥವಾಗುತ್ತದೆ ಎಂಬುದು ನನ್ನ ವಾದ.

ಪಾಮರ್ 1780ರ ಸುಮಾರಿಗೆ ಹುಟ್ಟಿದವನು. ತಂದೆ ಕಂಪನಿಯ ಸೇನಾಧಿಕಾರಿ ಜನರಲ್ ವಿಲಿಯಂ ಪಾಮರ್, ತಾಯಿ ಫೈಜ್ ಬಕ್ಷ್ ಬೇಗಂ. ಮಗ ಇಂಗ್ಲೆಂಡಿನಲ್ಲಿ ಓದಿ ಬಂದು ನಿಜಾಮನ ಸೈನ್ಯ ಸೇರಿದ, ಅದನ್ನು ಬಿಟ್ಟು ಲೇವಾದೇವಿಗೆ ಇಳಿದ. ವಿಲಿಯಂ ಪಾಮರ್ ಅಂಡ್ ಕಂಪನಿಯಲ್ಲಿ ಒಬ್ಬ ಗುಜರಾತಿ ಸಾಹುಕಾರನೂ ಪಾಲುದಾರ. ಆಮೇಲೆ ಸೇರಿಕೊಂಡ ಸರ್ ವಿಲಿಯಂ ರಂಬೋಲ್ಡ್‌ನ ಹೆಂಡತಿ ಗವರ್ನರ್ ಜನರಲ್ ಹೇಸ್ಟಿಂಗ್ಸ್ ಪ್ರಭುವಿನ ಆಶ್ರಯದಲ್ಲಿ ಬೆಳೆದವಳು. ಈ ನಂಟಿನ ಬೆಲೆ ಮುಂದೆ ತಿಳಿಯಿತು. ಯುರೋಪಿಯನ್ನರು ದೇಶಿ ಅರಸರಿಗೆ ಸಾಲ ಕೊಡಬೇಕಾದರೆ ಸರ್ಕಾರದ ಒಪ್ಪಿಗೆ ಬೇಕೆಂದು ಬ್ರಿಟಿಷ್ ಪಾರ್ಲಿಮೆಂಟು ಹದಿನೆಂಟನೆಯ ಶತಮಾನದ ಕೊನೆಯಲ್ಲೇ ಕಾನೂನು ಮಾಡಿತ್ತು. ಪಾಮರ್ ಸಂಸ್ಥೆಗೆ ಆ ಒಪ್ಪಿಗೆ 1816ರಲ್ಲಿ ಸಿಕ್ಕಿತು. ಬ್ರಿಟಿಷ್ ಪ್ರಜೆಗಳು ಶೇ. 12ಕ್ಕಿಂತ ಹೆಚ್ಚು ಬಡ್ಡಿ ತೆಗೆದುಕೊಳ್ಳಬಾರದೆಂಬ ಮಿತಿಯೂ ಇತ್ತು. ಕಂಪನಿಯ ಗಡಿಯಾಚೆಗಿನ ನಿಜಾಮನ ರಾಜ್ಯಕ್ಕೆ ಆ ಮಿತಿ ಅನ್ವಯಿಸದು ಎಂಬ ವಕೀಲಿ ಅಭಿಪ್ರಾಯ ಅದನ್ನೂ ದಾಟಿಸಿತು. ಹೀಗೆ ಕಾನೂನಿನ ರಕ್ಷೆಯಲ್ಲೇ ಶೇ. 24ರ ಆಸುಪಾಸಿನ ಬಡ್ಡಿ ಓಡತೊಡಗಿತು. ಕಳ್ಳತನಕ್ಕಿಂತ ಇಂಥ ಕಾಗದಪತ್ರ ಸರಿಯಿರುವ ವ್ಯವಹಾರವೇ ರಾಜ್ಯಗಳಿಗೆ ಹೆಚ್ಚು ದುಬಾರಿಯಾಗುತ್ತದೆ.

ನಿಜಾಮನಿಗೆ ಇಷ್ಟೊಂದು ದುಡ್ಡು ಏಕೆ ಬೇಕಾಯಿತು? ದರ್ಬಾರಿನ ದುಂದು ಇದ್ದದ್ದು ನಿಜ. ಆದರೆ ಖರ್ಚಿನಲ್ಲಿ ದೊಡ್ಡ ಬಾಬತ್ತು ಕಾಂಟಿಂಜೆಂಟ್ ಎಂಬ ಸೈನ್ಯ. 1800ರ ಒಪ್ಪಂದದ ಪ್ರಕಾರ ಯುದ್ಧ ಬಂದರೆ ನಿಜಾಮ ಇಷ್ಟು ಕಾಲಾಳು, ಇಷ್ಟು ಕುದುರೆ ಸವಾರರನ್ನು ಒದಗಿಸಬೇಕಿತ್ತು. ನಿಜಾಮನ ದರ್ಬಾರಿನಲ್ಲಿದ್ದ ಕಂಪನಿಯ ಪ್ರತಿನಿಧಿ, ಅಂದರೆ ರೆಸಿಡೆಂಟ್, ಹೆನ್ರಿ ರಸಲ್ ಇದನ್ನು ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಕಾಯಂ ಸೈನ್ಯವಾಗಿ ಬೆಳೆಸಿದ. ಹುಕುಂ ರೆಸಿಡೆಂಟನದು, ಪಗಾರ ನಿಜಾಮನದು. ಆ ಪಗಾರವನ್ನು ತಿಂಗಳು ತಿಂಗಳು ತಪ್ಪದೆ ಮುಂಗಡವಾಗಿ ಕೊಡುವುದು ಪಾಮರ್ ಸಂಸ್ಥೆಯ ಮುಖ್ಯ ಧಂದೆಯಾಯಿತು. ಅದಕ್ಕೆ ಬದಲಾಗಿ ಸಂಸ್ಥೆಗೆ ಸೀಮೆಗಳ ಕಂದಾಯವನ್ನೇ ಬರೆದುಕೊಡಲಾಗುತ್ತಿತ್ತು. ನಿಜಾಮನ ಆಡಳಿತ ನಡೆಸುತ್ತಿದ್ದ ಪೇಶ್ಕಾರ ಚಂದೂಲಾಲ್ ಉರ್ದುವಿನಲ್ಲಿ ಕವಿತೆ ಬರೆಯುವ ರಸಿಕ. ಸಾಲ ಎತ್ತುವುದರಲ್ಲಿಯೂ ಅವನ ಕೈ ಅಷ್ಟೇ ಸಲೀಸು. 1820ರಲ್ಲಿ 60 ಲಕ್ಷ ರೂಪಾಯಿಯ ಹೊಸ ಸಾಲ ಮಂಜೂರಾಯಿತು. ರೈತರಿಗೆ ಮುಂಗಡ ಕೊಡುವುದೂ ಅದರ ಉದ್ದೇಶಗಳಲ್ಲಿ ಒಂದೆಂದು ಕಾಗದದಲ್ಲಿ ಬರೆದಿತ್ತು. ಹೊಸ ರೆಸಿಡೆಂಟ್ ಚಾರ್ಲ್ಸ್ ಮೆಟ್‌ಕಾಫ್ ಲೆಕ್ಕ ಬಿಚ್ಚಿದಾಗ ಕಂಡದ್ದೇ ಬೇರೆ: ಬಹುಪಾಲು ಹಳೆಯ ಬಾಕಿಯೇ ಹೊಸ ಹೆಸರಿನಲ್ಲಿ ಕೂತಿತ್ತು, ಪಾಲುದಾರರಿಗೆ ಬೋನಸ್ ಎಂದು 8 ಲಕ್ಷ ಅದರೊಳಗೇ ಸೇರಿತ್ತು. ಕೊನೆಗೆ, ಉತ್ತರ ಸರ್ಕಾರ್ ಪ್ರಾಂತ್ಯಕ್ಕಾಗಿ ಕಂಪನಿ ನಿಜಾಮನಿಗೆ ವರ್ಷಾವರ್ಷ ಕೊಡಬೇಕಿದ್ದ 7 ಲಕ್ಷದ ಪೇಶ್ಕಷ್ ಎಂಬ ಕಪ್ಪವನ್ನು 1 ಕೋಟಿ 16 ಲಕ್ಷ ಚಿಲ್ಲರೆಗೆ ಒಂದೇ ಗಂಟಾಗಿ ಇತ್ಯರ್ಥ ಮಾಡಿ, ಆ ಹಣದಿಂದ ಪಾಮರ್‌ನ ಸಾಲ ತೀರಿಸಿದರು. ಸಂಸ್ಥೆ 1824ರಲ್ಲಿ ದಿವಾಳಿಯೆದ್ದಿತು.

ಇಲ್ಲಿಗೆ ಒಂದು ಆಕ್ಷೇಪ ಎದುರಾಗುತ್ತದೆ. 1824ಕ್ಕೆ ಪಾಮರ್‌ನ ಬಾಕಿ ಚುಕ್ತಾ ಆಯಿತಲ್ಲ, ಮೂವತ್ತು ವರ್ಷದ ಮೇಲಿನ ಒಪ್ಪಂದಕ್ಕೆ ಅವನನ್ನು ಏಕೆ ಎಳೆಯಬೇಕು? ಸಾಲದ ಮೊತ್ತವನ್ನಷ್ಟೇ ನೋಡಿದರೆ ಈ ಮಾತು ಸರಿ. ಆದರೆ ಸಾಲದ ಬಗೆಯನ್ನು ನೋಡಬೇಕು. ಸಾಹುಕಾರ ಹೋದರೂ ಕಾಂಟಿಂಜೆಂಟ್ ಉಳಿಯಿತು. ಪಗಾರ ಮತ್ತೆ ಬಾಕಿ ಬಿತ್ತು. 1840ರ ದಶಕದಲ್ಲಿ ಅದನ್ನು ಕೊಡತೊಡಗಿದ್ದು ಸ್ವತಃ ಕಂಪನಿಯ ಖಜಾನೆ, ಅದೂ ಬಡ್ಡಿಯ ಮೇಲೆ. 1853ರ ಹೊತ್ತಿಗೆ ಬಾಕಿ 50 ಲಕ್ಷದ ಆಸುಪಾಸಿಗೆ ಬಂತು. ಗವರ್ನರ್ ಜನರಲ್ ಡಾಲ್‌ಹೌಸಿ ಆಗ ಕೇಳಿದ್ದು ಪಾಮರ್ ಕೇಳುತ್ತಿದ್ದುದನ್ನೇ: ಪಗಾರಕ್ಕೆ ಬದಲು ಸೀಮೆ ಬರೆದುಕೊಡು. ನಮ್ಮ ಕಡೆ ಸಾಲಗಾರ ಹೊಲವನ್ನು ಭೋಗ್ಯಕ್ಕೆ ಹಾಕಿದರೆ ಸಾಹುಕಾರ ಉತ್ತು, ಬಿತ್ತು, ಬೆಳೆ ಒಯ್ಯುತ್ತಾನೆ. ಅಸಲು ಹಾಗೇ ನಿಂತಿರುತ್ತದೆ. ದೋಆಬ್‌ಗೆ ಆದದ್ದು ಇದೇ. ಒಪ್ಪಿಸಿದ ಸೀಮೆಗಳ ವರಮಾನ ವರ್ಷಕ್ಕೆ ಸುಮಾರು 50 ಲಕ್ಷ. ಅದರಿಂದ ಕಾಂಟಿಂಜೆಂಟಿನ ಪಗಾರ, ಕೆಲವು ಮರಾಠಾ ಪಿಂಚಣಿ, ಬಾಕಿಗೆ ಶೇ. 6ರಂತೆ ಬಡ್ಡಿ ಕಳೆದು ಉಳಿದದ್ದನ್ನು ನಿಜಾಮನಿಗೆ ಕೊಡತಕ್ಕದ್ದು, ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸತಕ್ಕದ್ದು ಎಂದು ಬರೆದಿತ್ತು. ಏಳು ವರ್ಷದ ಮೇಲೆ ನೋಡಿದರೆ ಅಸಲು ಅದೇ 50 ಲಕ್ಷ. ಈ ಸೈನ್ಯವನ್ನು ಶಾಂತಿಕಾಲದಲ್ಲಿ ಸಾಕಬೇಕೆಂದು ಹಳೆಯ ಒಪ್ಪಂದದಲ್ಲಿ ಇಲ್ಲವೆಂಬುದನ್ನು ಡಾಲ್‌ಹೌಸಿಯೇ ತನ್ನ ಟಿಪ್ಪಣಿಯಲ್ಲಿ ಒಪ್ಪಿಕೊಂಡಿದ್ದ. ಒಪ್ಪಿಕೊಂಡೂ ವಸೂಲಿ ನಿಲ್ಲಿಸಲಿಲ್ಲ.

ನಿಜಾಮನ ಆಡಳಿತವೇ ಕೆಟ್ಟಿತ್ತು, ಸಾಲಕ್ಕೆ ಅವನೇ ಹೊಣೆ ಎನ್ನುವವರ ಮಾತಿನಲ್ಲಿಯೂ ಹುರುಳಿದೆ. ಚಂದೂಲಾಲನ ಕಾಲದಲ್ಲಿ ತಾಲೂಕುಗಳು ಗುತ್ತಿಗೆದಾರರ, ಸಾಹುಕಾರರ, ಅರಬ್ ಜಮಾದಾರರ ಕೈಗೆ ಹೋಗಿ ರೈತ ಹಣ್ಣಾಗಿದ್ದ. ಆದರೆ ಗುತ್ತಿಗೆಯ ಮೊತ್ತ ಏರಿದ್ದಕ್ಕೂ ತಿಂಗಳ ಪಗಾರದ ಒತ್ತಡಕ್ಕೂ ಸಂಬಂಧ ಇಲ್ಲವೆನ್ನಲಾಗದು. ಮುಂಗಡವಾಗಿ ಹಣ ಸುರಿಯುವವನಿಗಷ್ಟೇ ತಾಲೂಕು ಕೊಡುವ ಸರ್ಕಾರ ರೈತನ ಕಡೆ ತಿರುಗಿ ನೋಡುವುದು ಹೇಗೆ? ಇನ್ನು ಕಾಂಟಿಂಜೆಂಟ್ ಸೈನ್ಯ ಈ ನಾಡನ್ನೇ ಕಾಯುತ್ತಿತ್ತೇ ಎಂದರೆ, ಅದೂ ಪೂರ್ತಿ ನಿಜವಲ್ಲ. ಲಿಂಗಸುಗೂರು ಅದರ ಛಾವಣಿಗಳಲ್ಲಿ ಒಂದು. 1858ರ ಫೆಬ್ರವರಿಯಲ್ಲಿ ದಂಗೆ ಎದ್ದ ಸುರಪುರದ ದೊರೆ ವೆಂಕಟಪ್ಪ ನಾಯಕನ ಮೇಲೆ ದಂಡು ಹೊರಟದ್ದು ಇಲ್ಲಿಂದ. ಅದೇ ವರ್ಷ ಕಾಂಟಿಂಜೆಂಟಿನ ಇತರ ತುಕಡಿಗಳು ಬ್ರಿಟಿಷ್ ಸೇನಾನಿ ಹ್ಯೂ ರೋಸ್‌ನ ಜೊತೆ ಝಾನ್ಸಿಯ ಕಡೆ ಕಾದುತ್ತಿದ್ದವು. ಕಾಲುವೆಯ ನೀರು ಕಾಣದ ಅಂದಿನ ಸಿಂಧನೂರಿನ ಎರೆಹೊಲದಲ್ಲಿ ಜೋಳ, ಹತ್ತಿ ಬೆಳೆದು ರೈತ ಕಟ್ಟಿದ ಕಂದಾಯ ಝಾನ್ಸಿಯ ಮುತ್ತಿಗೆಯಲ್ಲಿ ಖರ್ಚಾಗುತ್ತಿತ್ತು. ಅವನಿಗೆ ಇದು ತಿಳಿದಿರಲಿಕ್ಕಿಲ್ಲ.

ಟೇಲರ್‌ನ ಬಗ್ಗೆ ಎರಡು ಮಾತು. ಹದಿನೈದರ ಹುಡುಗನಾಗಿ ಮುಂಬೈಗೆ ಬಂದು, ನಂಬಿದ ವ್ಯಾಪಾರಿ ಮನೆ ಕೈಕೊಟ್ಟಾಗ ನಿಜಾಮನ ಸೈನ್ಯ ಸೇರಿದವನು. ಅದು 1824, ಪಾಮರ್ ಸಂಸ್ಥೆ ಮುಳುಗಿದ ವರ್ಷವೇ. ಕಾನೂನು, ಭೂಮಾಪನ, ನಾಡಿನ ಭಾಷೆಗಳನ್ನು ತಾನೇ ಓದಿ ಕಲಿತ. ಪಾಮರ್‌ನ ಮಗಳು ಮೇರಿಯನ್ನು ಮದುವೆಯಾದ. ಸುರಪುರದಲ್ಲಿ ಹನ್ನೊಂದು ಹನ್ನೆರಡು ವರ್ಷ ಆಡಳಿತ ನಡೆಸಿ ಜನರ ಪ್ರೀತಿ ಗಳಿಸಿದ. 1853ರ ನಂತರ ನಳದುರ್ಗ ಸೀಮೆಯಲ್ಲಿ ಅವನು ಮಾಡಿದ ಕಂದಾಯ ನಿಗದಿ ರೈತರಿಗೂ ಸರ್ಕಾರಕ್ಕೂ ಒಪ್ಪಿತವಾಯಿತೆಂಬ ಹೆಸರಿದೆ. ಇದರಲ್ಲಿ ಸುಳ್ಳೇನೂ ಇಲ್ಲ. ಅವನ ಒಳ್ಳೆಯತನವನ್ನು ಒಪ್ಪಿಕೊಂಡೇ ಹೇಳಬಹುದು: ಭೋಗ್ಯದ ಹೊಲಕ್ಕೆ ಸಾಹುಕಾರ ನೇಮಿಸಿದ ಮೇಟಿ ಎಷ್ಟೇ ಪ್ರಾಮಾಣಿಕನಾದರೂ ಹೊಲ ಬಿಡಿಸಿಕೊಡುವುದು ಅವನ ಕೈಯಲ್ಲಿರುವುದಿಲ್ಲ. ಅಧಿಕಾರಿಯ ಸ್ವಭಾವದಿಂದ ಆಡಳಿತವನ್ನು ಅಳೆಯುವ ನಮ್ಮ ಚಾಳಿ ಇಲ್ಲಿ ದಾರಿ ತಪ್ಪಿಸುತ್ತದೆ.

1860ರ ಡಿಸೆಂಬರ್ ಒಪ್ಪಂದದಲ್ಲಿ ದೋಆಬ್ ಮತ್ತು ಧಾರಾಶಿವ ನಿಜಾಮನಿಗೆ ಮರಳಿದವು, ಸುರಪುರವೂ ಸಿಕ್ಕಿತು, 50 ಲಕ್ಷದ ಸಾಲ ವಜಾ ಆಯಿತು. 1857ರ ದಂಗೆಯಲ್ಲಿ ನಿಜಾಮನ ದಿವಾನ ಸಾಲಾರ್ ಜಂಗ್ ತೋರಿದ ನಿಷ್ಠೆಗೆ ಇದು ಇನಾಮು ಎಂದು ಇತಿಹಾಸಕಾರರು ಬರೆಯುತ್ತಾರೆ. ಹೌದು, ಆದರೆ ಅದೇ ಒಪ್ಪಂದದಲ್ಲಿ ಕಂಪನಿಯ ಉತ್ತರಾಧಿಕಾರಿಯಾದ ಬ್ರಿಟಿಷ್ ಸರ್ಕಾರಕ್ಕೆ ಬೇರಾರಿನ ಲೆಕ್ಕ ಒಪ್ಪಿಸುವ ಹೊಣೆಯಿಂದ ಬಿಡುಗಡೆಯೂ ಸಿಕ್ಕಿತು. ಹತ್ತಿ ಬೆಳೆಯುವ ಬೇರಾರ್ ಕೈಯಲ್ಲೇ ಉಳಿದು, ಲೆಕ್ಕ ಕೇಳುವವರಿಲ್ಲದಂತಾದರೆ ದೋಆಬ್ ಬಿಟ್ಟುಕೊಟ್ಟದ್ದು ದೊಡ್ಡ ತ್ಯಾಗವೇನಲ್ಲ. 1902ರಲ್ಲಿ ವೈಸರಾಯ್ ಕರ್ಜನ್ ಬೇರಾರನ್ನು ವರ್ಷಕ್ಕೆ 25 ಲಕ್ಷಕ್ಕೆ ಕಾಯಂ ಗುತ್ತಿಗೆ ಮಾಡಿಕೊಂಡ. ಮರುವರ್ಷ ಕಾಂಟಿಂಜೆಂಟ್ ಬ್ರಿಟಿಷ್ ಭಾರತದ ಸೇನೆಯಲ್ಲಿ ಕರಗಿತು. ನಿಜಾಮನ ಕಾಲದಲ್ಲಿ ಜಿಲ್ಲಾ ಕೇಂದ್ರವಾಗಿದ್ದ ಲಿಂಗಸುಗೂರು 1905ರಲ್ಲಿ ಆ ಪಟ್ಟ ಕಳೆದುಕೊಂಡಿತು. ಸಿಂಧನೂರು, ಕುಷ್ಟಗಿ, ಗಂಗಾವತಿಗಳ ಜೊತೆ ರಾಯಚೂರಿಗೆ ಸೇರಿತು. ಕೋಟೆ ಕೊತ್ತಲವಿದ್ದ ಮುದಗಲ್ಲು ಹತ್ತಿರದಲ್ಲೇ ಇದ್ದರೂ ಜಿಲ್ಲೆಯ ಗೌರವ ಛಾವಣಿಯ ಊರಿಗೆ ಬಂದದ್ದು, ಛಾವಣಿಯ ಸೈನ್ಯ ಇಲ್ಲವಾದ ಎರಡೇ ವರ್ಷಕ್ಕೆ ಆ ಗೌರವ ಹೋದದ್ದು, ಎರಡೂ ಬರೀ ಆಕಸ್ಮಿಕ ಎಂದು ನನಗೆ ಅನ್ನಿಸುವುದಿಲ್ಲ.