ಅಂಕಿಗೆ ಅಂಕಿ ತಾಳೆ

ಮೈಸೂರಿನ ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಊರಿಗೆಲ್ಲ ಪರಿಚಿತವಾದದ್ದು. ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯೆಂದು ಅದರ ನಿಜನಾಮಧೇಯ. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕದಲ್ಲಿ ಬರೆದಿಡುತ್ತಿದ್ದರು. ಬರೆದವರಿಗೆ ಅದು ನಿತ್ಯದ ಕೆಲಸ, ಅಷ್ಟೆ. ಆರು ದಶಕಗಳ ತರುವಾಯ ಇಂಗ್ಲೆಂಡಿನ ಸೌತಾಂಪ್ಟನ್ನಿನ ವಿದ್ವಾಂಸರೂ ಇಲ್ಲಿಯ ವೈದ್ಯರೂ ಕೂಡಿ ಆ ಪುಸ್ತಕಗಳನ್ನು ತೆರೆದರು. ಆಸ್ಪತ್ರೆಯ ಸುತ್ತ ಮನೆಮನೆ ತಿರುಗಿ, 1934ರಿಂದ 1954ರೊಳಗೆ ಅಲ್ಲಿ ಹುಟ್ಟಿದ್ದ 517 ಮಂದಿಯನ್ನು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಮೀರದಿದ್ದವರ ಪೈಕಿ ನೂರಕ್ಕೆ 11 ಮಂದಿಗೆ ಹೃದ್ರೋಗ. ಮೂರು ಕಿಲೋ ದಾಟಿದ್ದವರಲ್ಲಿ ನೂರಕ್ಕೆ 3. ‘ಲ್ಯಾನ್ಸೆಟ್’ ಪತ್ರಿಕೆ 1996ರಲ್ಲಿ ಇದನ್ನು ಪ್ರಕಟಿಸಿತು.

ಇಷ್ಟೆಲ್ಲ ನಿಂತದ್ದು ಬರೆದ ಅಂಕಿಯ ನಿಜದ ಮೇಲೆ. ಆ ನಿಜವನ್ನು ಪರೀಕ್ಷಿಸುವುದೇ ಇಂದು ಒಂದು ವೃತ್ತಿ. ಔಷಧಪ್ರಯೋಗದ ಮಾನಿಟರುಗಳು ಊರೂರಿನ ಆಸ್ಪತ್ರೆಗೆ ಹೋಗಿ, ರೋಗಿಯ ಕಡತವನ್ನೂ ಪ್ರಯೋಗದ ನಮೂನೆಯನ್ನೂ ಪಕ್ಕಪಕ್ಕ ಇಟ್ಟು ಅಂಕಿಗೆ ಅಂಕಿ ತಾಳೆ ನೋಡುತ್ತಿದ್ದರು. ಎಲ್ಲವನ್ನೂ ಹೀಗೆ ನೋಡಬೇಕಿಲ್ಲ, ಬಹುಭಾಗವನ್ನು ದೂರದಿಂದಲೇ ಗಣಕದ ಮೂಲಕ ಗಮನಿಸಬಹುದೆಂದು 2013ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಸೂಚಿಸಿತು. ಈಗ ಕೃತಕ ಬುದ್ಧಿಮತ್ತೆಯೂ ಜೊತೆಗೂಡಿದೆ. ಒಂದು ಆಸ್ಪತ್ರೆಯ ರೋಗಿಗಳೆಲ್ಲರ ರಕ್ತದೊತ್ತಡವೂ 120/80 ಎಂದೇ ಬಂದರೆ ಯಂತ್ರ ಥಟ್ಟನೆ ಬೆರಳು ತೋರುತ್ತದೆ; ದಣಿದ ಕಣ್ಣಿಗೆ ಅದು ಎಷ್ಟೋ ಸಲ ಕಾಣದು. ಇದು ಲಾಭವೇ ಸರಿ.

ಆದರೆ ಅಳತೆಯ ಯಂತ್ರ ಕೆಟ್ಟಿದೆಯೋ, ಅಳೆಯದೆಯೇ ಬರೆದರೋ ಎಂದು ತಿಳಿಯಲು ಒಬ್ಬರು ಬಸ್ಸು ಹತ್ತಿ ಹೋಗಿ ದಾದಿಯನ್ನು ಕೇಳಲೇಬೇಕು. ಏನು ಕೇಳಬೇಕೆಂಬುದನ್ನು ಬಿ.ಎಸ್ಸಿ., ಬಿ.ಫಾರ್ಮ. ಮುಗಿಸಿದ ನಮ್ಮ ಹುಡುಗ ಹುಡುಗಿಯರು ಕಲಿಯುತ್ತಿದ್ದುದು ಆ ಬೇಸರದ ತಾಳೆಯಿಂದಲೇ. ಹಳಬರು ನಿವೃತ್ತರಾದ ಮೇಲೆ ಆ ಬಸ್ಸು ಹತ್ತುವವರನ್ನು ಯಾರು ಸಿದ್ಧಪಡಿಸುವರೋ ಕಾಣೆ.